ಕಾರವಾರದ ಕಡಲು, ರವೀಂದ್ರರು ಹಾಡು ಕಟ್ಟಿದ ಬಗೆ

ಕಾರವಾರದ ಬೀಚಿಗೆ ರವೀಂದ್ರನಾಥ ಠಾಗೋರರ ಹೆಸರಿರುವುದು ನಿಮಗೆಲ್ಲ ಗೊತ್ತು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ತಮ್ಮ ಬಂದಾಗ ವಯಸ್ಸು ಬರೀ 22. ನಮ್ಮ ಕಡೆ ಇಷ್ಟು ಹೇಳಿ ಮಾತು ಮುಗಿಸಿಬಿಡುತ್ತಾರೆ. ನನ್ನ ಕುತೂಹಲ ಬೇರೆ. ಆ ಹುಡುಗ ಹಾಡು ಕಟ್ಟುತ್ತಿದ್ದುದು ಹೇಗೆ?

ಅವರ ಮನೆಯಲ್ಲಿ ಎಷ್ಟೋ ಸಲ ಮಟ್ಟು ಮೊದಲು, ಮಾತು ಆಮೇಲೆ. ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರು ಪಿಯಾನೋ ಮುಂದೆ ಕೂತು ಹೊಸ ಹೊಸ ಮಟ್ಟು ನುಡಿಸುತ್ತಿದ್ದರು. ಒಂದು ಪಕ್ಕ ರವೀಂದ್ರರು, ಇನ್ನೊಂದು ಪಕ್ಕ ಅಕ್ಷಯಚಂದ್ರ ಚೌಧರಿ. ಮಟ್ಟಿಗೆ ಮಾತು ಜೋಡಿಸುವುದು ಇವರಿಬ್ಬರ ಕೆಲಸ. 1881ರ 'ವಾಲ್ಮೀಕಿ ಪ್ರತಿಭಾ' ಗೀತನಾಟಕದಲ್ಲಿ ಈ ಪ್ರಯೋಗ ಇನ್ನೂ ಮುಂದೆ ಹೋಯಿತು. ದರೋಡೆಕೋರರ ಕುಡಿತದ ಹಾಡಿಗೆ ಇಂಗ್ಲಿಷ್ ಮಟ್ಟು, ವನದೇವಿಯರ ಅಳಲಿಗೆ ಐರಿಷ್ ಮಟ್ಟು! ನಮ್ಮ ರಾಗಗಳೂ ಇದ್ದವು, ಆದರೆ ಕಛೇರಿಯ ಗತ್ತು ಬಿಟ್ಟು ನಾಟಕದ ಓಟಕ್ಕೆ ಹೆಜ್ಜೆ ಹಾಕಬೇಕಿತ್ತು. ಫ್ಯೂಷನ್ ಎಂಬ ಪದ ನಮ್ಮ ಬಾಯಿಗೆ ಬರುವುದಕ್ಕೆ ಎಷ್ಟೋ ಮೊದಲಿನ ಮಾತಿದು.

ಕಾರವಾರದಲ್ಲಿ ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿ, ಇಳಿತದಲ್ಲಿ ತೇಲಿ ಬಂದು, ಮರಳ ಮೇಲೆ ನಡೆದು ಮನೆ ಸೇರಿದ್ದನ್ನು ಅವರೇ 'ಜೀವನಸ್ಮೃತಿ'ಯಲ್ಲಿ ನೆನೆದಿದ್ದಾರೆ. ಇಲ್ಲಿಯೇ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು. ಲೋಕದ ಬಂಧ ಕಡಿದುಕೊಂಡ ಸನ್ಯಾಸಿಯನ್ನು ಒಂದು ಪುಟ್ಟ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆ. ಅದರ ಕೆಲವು ಹಾಡುಗಳು ಹುಟ್ಟಿದ್ದು ವಾಪಸ್ ಹೋಗುವ ಹಡಗಿನಲ್ಲಿ. ಮೊದಲನೆಯದನ್ನು ಡೆಕ್ ಮೇಲೆ ಕೂತು ಹಾಡಿಕೊಳ್ಳುತ್ತಲೇ ಬರೆದರಂತೆ. ಕೃಷ್ಣನನ್ನು ನಮ್ಮ ಜೊತೆ ಕಳಿಸು ಎಂದು ಗೋಪಬಾಲರು ಯಶೋದೆಯನ್ನು ಕೇಳುವ ಹಾಡದು. ಪಿಯಾನೋ ಇಲ್ಲ, ಅಣ್ಣನ ಬೆರಳಿಲ್ಲ. ಮಟ್ಟು ಮಾತು ಎರಡೂ ಒಂದೇ ಬಾಯಲ್ಲಿ!

ನಮ್ಮ ಭಾಷೆಯೂ ಅವರ ಹಾಡಿನೊಳಗಿದೆ. 'ಬಡೋ ಆಶಾ ಕರೇ' ಎಂಬ ಪ್ರಸಿದ್ಧ ಪ್ರಾರ್ಥನೆಯ ಮಟ್ಟು ಕನ್ನಡದ 'ಸಖಿ ಬಾ ಬಾ' ಹಾಡಿನದು. ಸಖಿಯ ಕರೆ ದೇವರ ಬಾಗಿಲಲ್ಲಿ ನಿಂತವನ ಮೊರೆಯಾಯಿತು. ಇಂಥವನ್ನು ಬಂಗಾಳಿಗಳು 'ಭಾಂಗಾ ಗಾನ್' ಅನ್ನುತ್ತಾರೆ, ಅಂದರೆ ಒಡೆದು ಕಟ್ಟಿದ ಹಾಡು. ಮೂಲ ಯಾವುದೆಂದು ಅವರು ಪಟ್ಟಿ ಮಾಡಿಟ್ಟಿದ್ದಾರೆ. ಅವರ ಹಾಡು ಇವತ್ತಿಗೂ ಮನೆಮನೆಯಲ್ಲಿದೆ. ನಮ್ಮ 'ಸಖಿ ಬಾ ಬಾ' ಹಾಡುವವರನ್ನು ನಾನಂತೂ ಕಂಡಿಲ್ಲ.

ಹಾಗಾಗಿಯೇ ನನಗೆ ಪಕ್ಕದ ಅಂಕೋಲಾದ ಬಗ್ಗೆ ಭಯ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ತಾಯಿಯಿಂದ ಕಲಿತ ಹಾಲಕ್ಕಿ ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡು ಬದುಕಿದವರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ಹೋದರು. ರೆಕಾರ್ಡ್ ಮಾಡಿ ಕಪಾಟಿನಲ್ಲಿಟ್ಟರೆ ಹಾಡು ಉಳಿದಂತಲ್ಲ. ನಮ್ಮ ಹುಡುಗರು ಆ ಮಟ್ಟು ಹಿಡಿದು ಹೊಸ ಹಾಡು ಕಟ್ಟಲಿ, ಬೇಕಾದರೆ ಗುಮಟೆಯ ಜೊತೆ ಗಿಟಾರೂ ಇರಲಿ. ಮಟ್ಟು ಯಾರದೆಂದು ಹೇಳುವುದನ್ನು ಮಾತ್ರ ಮರೆಯದಿರಲಿ.

ಏನಂತೀರಿ?