ಬುಲೆಟ್ಟಿನ ಕ್ಯಾಮು
ಮೈಸೂರಿನ ಕಾರ್ಖಾನೆಯಿಂದ 1961ರಲ್ಲಿ ಹೊರಟ ಜಾವಾ ಬೈಕು, ಟೂ-ಸ್ಟ್ರೋಕ್ ಯಂತ್ರವಾದುದರಿಂದ, ಪಿಸ್ಟನ್ನನ್ನೇ ದ್ವಾರಪಾಲಕನನ್ನಾಗಿ ಮಾಡಿಕೊಂಡು ವಾಲ್ವನ್ನೆತ್ತುವ ಉಬ್ಬುಚಕ್ರವಾದ ಕ್ಯಾಮಿನ ಹಂಗಿಲ್ಲದೆ ಓಡಿತು. 1955ರಿಂದ ಮದ್ರಾಸಿನಲ್ಲಿ ಜೋಡಣೆಗೊಂಡ 346 ಸಿ.ಸಿ. ಬುಲೆಟ್ಟಿನಲ್ಲಾದರೋ, ಬಲಮಗ್ಗುಲಿನ ಮುಚ್ಚಳದೊಳಗೆ ಹಲ್ಲುಚಕ್ರಗಳಿಂದ ತಿರುಗುವ ಎರಡು ಕ್ಯಾಮುಗಳು, ಪೆಟ್ರೋಲುಮಿಶ್ರಿತ ಗಾಳಿಯ ಪ್ರವೇಶಕ್ಕೊಂದು, ಹೊಗೆಯ ವಿಸರ್ಜನೆಗೊಂದು, ಪುಶ್‌ರಾಡುಗಳ ಮೂಲಕ ವಾಲ್ವುಗಳನ್ನೆತ್ತುತ್ತಿದ್ದವು. ವೇಗದ ಹಂಬಲವುಳ್ಳವರು ಉಬ್ಬು ಹೆಚ್ಚಿದ ಕ್ಯಾಮುಗಳನ್ನು ಹಾಕಿಸಿ, ಕಾರ್ಬುರೇಟರಿನ ಜೆಟ್ಟನ್ನೂ ಬದಲಿಸುವರು. ವಾಲ್ವು ಹೆಚ್ಚು ಹೊತ್ತು ತೆರೆದಿರುವುದರಿಂದ ಓಟದಲ್ಲಿ ಬಲವೇನೋ ದೊರೆಯುವುದು, ಆದರೆ ನಿಂತಲ್ಲಿಯ ಆ ನಿಧಾನವಾದ ಡುಗ್‌ಡುಗ್ ತಾಳ ಕೆಡುವುದು. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಊರಾದ ಕುಂದಗೋಳದಲ್ಲಿ, ವಿಲಂಬಿತ ಲಯದ ರುಚಿ ಬಲ್ಲವರ ನಡುವೆ, ಇದು ನಷ್ಟದ ವ್ಯಾಪಾರವೆಂದೇ ನನ್ನ ಎಣಿಕೆ. ಮಿಸ್ತ್ರಿಗೆ ಆ ಚಿಂತೆಯಿಲ್ಲ. ಅವನು ಎಣ್ಣೆಗೈಯಿಂದ ಹಲ್ಲುಚಕ್ರಗಳ ಗುರುತನ್ನು ಒಂದಕ್ಕೊಂದು ಕೂಡಿಸುತ್ತಾ ಕುಳಿತಿರುತ್ತಾನೆ.