ಕಾರ್ಮಿಕ ಅಂಕಿಅಂಶ ಪ್ರದೇಶಗಳು: ಸೊಲ್ಲಾಪುರ ಮತ್ತು ಅಕ್ಕಲಕೋಟ ರಸ್ತೆ

ಕೂಲಿ, ಉದ್ಯೋಗ, ನಿರುದ್ಯೋಗಗಳ ಲೆಕ್ಕ ಹಿಡಿಯಲು ನೆಲವನ್ನು ಭಾಗ ಮಾಡಿಕೊಂಡ ಘಟಕವೇ ಅಂಕಿಅಂಶ ಪ್ರದೇಶ. ಭಾಗ ಮಾಡುವ ಬಗೆ ಎರಡು. ಪುರಸಭೆ, ತಾಲ್ಲೂಕು, ಜಿಲ್ಲೆಗಳ ಆಡಳಿತದ ಗಡಿಯನ್ನೇ ಒಪ್ಪಿಕೊಳ್ಳುವುದು ಒಂದು. ಜನ ಎಲ್ಲಿ ಮಲಗಿ ಎಲ್ಲಿ ದುಡಿಯುತ್ತಾರೆಂದು ನೋಡಿ ಗೆರೆ ಎಳೆಯುವುದು ಇನ್ನೊಂದು. ಅಮೆರಿಕದಲ್ಲಿ ಒಂದು ಕೌಂಟಿಯ ದುಡಿಯುವವರಲ್ಲಿ ಶೇ. 25 ಮಂದಿ ನಡುವಣ ನಗರದ ಕೌಂಟಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದರೆ ಅದನ್ನು ಆ ಮಹಾನಗರ ಪ್ರದೇಶಕ್ಕೆ ಸೇರಿಸುತ್ತಾರೆ. ಭಾರತ ಮಾತ್ರ ಮೊದಲಿನಿಂದಲೂ ಆಡಳಿತದ ಗಡಿಯನ್ನೇ ನೆಚ್ಚಿಕೊಂಡಿದೆ. ಇದರ ಪರಿಣಾಮ ಮಹಾರಾಷ್ಟ್ರದ ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಯಲ್ಲಿ ಚೆನ್ನಾಗಿ ಕಾಣುತ್ತದೆ.

ಸೊಲ್ಲಾಪುರದಲ್ಲಿ ಮೊದಲ ಹತ್ತಿ ಗಿರಣಿ ಶುರುವಾದದ್ದು 1877ರಲ್ಲಿ. ಮುಂಬಯಿ ಸರ್ಕಾರ 1921ರಲ್ಲಿ ಕಾರ್ಮಿಕ ಕಚೇರಿ ತೆರೆಯಿತು. 1925ರಲ್ಲಿ ಸೊಲ್ಲಾಪುರದ ಗಿರಣಿ ಕಾರ್ಮಿಕರ ಮನೆಖರ್ಚಿನ ವಿಚಾರಣೆ ನಡೆಯಿತು. ಅದರ ಬೆನ್ನಿಗೆ ಬಂದ ಜೀವನವೆಚ್ಚ ಸೂಚ್ಯಂಕಕ್ಕೆ 1927ರ ಫೆಬ್ರವರಿಯಿಂದ 1928ರ ಜನವರಿವರೆಗಿನ ಬೆಲೆಗಳೇ ಆಧಾರ. ಆಗ ಪ್ರದೇಶ ಯಾವುದೆಂಬ ತಕರಾರೇ ಇರಲಿಲ್ಲ. ಗಿರಣಿಯ ಭೋಂಗಾ, ಅಂದರೆ ಸೈರನ್, ಕೇಳಿಸುವಷ್ಟು ದೂರದಲ್ಲೇ ಕಾರ್ಮಿಕರ ಚಾಳುಗಳಿದ್ದವು. 2016ನ್ನು ಆಧಾರವರ್ಷ ಮಾಡಿಕೊಂಡ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದ 88 ಕೇಂದ್ರಗಳಲ್ಲೂ ಸೊಲ್ಲಾಪುರ ಉಳಿದುಕೊಂಡಿದೆ.

ತಕರಾರು ಹುಟ್ಟಿದ್ದು ಕೆಲಸ ಊರಾಚೆಗೆ ಹರಿದಾಗ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಸ್ಥಾಪನೆಯಾಯಿತು. ಹಳೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಟವೆಲ್, ಚಾದರ ನೇಯುವ ವಿದ್ಯುತ್ ಮಗ್ಗಗಳು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಂಥ ಕಡೆ ನೆಲೆಯೂರಿದವು. ಹತ್ತು ಕಾರ್ಮಿಕರಿಗಿಂತ ಕಡಿಮೆ ಇರುವ ಮಗ್ಗದ ಶೆಡ್ಡು ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ.

ಇದೇ ಕಾಲಕ್ಕೆ, 1961ರ ಜನಗಣತಿ, ಪಟ್ಟಣವೆಂದರೆ ಏನೆಂದು ಖಚಿತಪಡಿಸಿತು. ಪುರಸಭೆ ಇಲ್ಲದ ಊರೂ ಪಟ್ಟಣವೆನಿಸಬೇಕಾದರೆ 5,000 ಜನ ಇರಬೇಕು, ಚದರ ಮೈಲಿಗೆ 1,000 ಸಾಂದ್ರತೆ ಇರಬೇಕು, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. 1971ರಲ್ಲಿ ನಗರ ಮತ್ತು ಅದಕ್ಕೆ ಅಂಟಿಕೊಂಡ ಬೆಳವಣಿಗೆಯನ್ನು ಒಟ್ಟಾಗಿ ಎಣಿಸುವ ‘ನಗರ ಸಮುಚ್ಚಯ’ ಬಂತು. ಅದೂ ನೋಡುವುದು ಕಟ್ಟಡಗಳು ಒಂದಕ್ಕೊಂದು ತಾಗಿವೆಯೇ ಎಂಬುದನ್ನು. ದಿನವೂ ಬಸ್ಸು ಹಿಡಿದು ಬರುವವರನ್ನಲ್ಲ.

‘ಗಂಡಸರಲ್ಲಿ’ ಎಂಬ ಆ ಒಂದು ಪದ ಸೊಲ್ಲಾಪುರದ ಮಟ್ಟಿಗೆ ಸಣ್ಣದಲ್ಲ. ಇಲ್ಲಿ ಹತ್ತಾರು ಸಾವಿರ ಹೆಂಗಸರು ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಾರೆ. ಗಂಡಸರು ಹೊಲಕ್ಕೆ ಹೋಗಿ ಹೆಂಗಸರು ಬೀಡಿ ಕಟ್ಟುವ ಊರು ಈ ವ್ಯಾಖ್ಯೆಯಲ್ಲಿ ಹಳ್ಳಿಯಾಗಿಯೇ ಉಳಿಯುತ್ತದೆ. ಎಂಐಡಿಸಿ ದಾಟಿದರೆ ಸಿಗುವ, ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಮಹಿಳೆಯರಿಗಾಗಿ 10,000 ಮನೆಗಳ ಗೋದೂತಾಯಿ ಪರುಳೇಕರ ವಸಾಹತು ಎದ್ದಿತು. 2024ರ ಜನವರಿಯಲ್ಲಿ ಅಲ್ಲಿಯೇ ರೇ ನಗರ ಎಂಬ ಇನ್ನೊಂದು ವಸಾಹತಿನ 15,000 ಮನೆಗಳ ಹಸ್ತಾಂತರವಾಯಿತು. ಕೆಲಸ ನಗರದ್ದು, ವಾಸ ಗ್ರಾಮ ಪಂಚಾಯಿತಿಯ ಊರಿನದು. 2011ರ ಜನಗಣತಿ ಕೆಲಸಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದು ಕೇಳಿತಾದರೂ ಬೇಸಾಯದವರಿಗೆ, ಮನೆಯೊಳಗಿನ ಕಸುಬಿನವರಿಗೆ ಆ ಪ್ರಶ್ನೆ ಇರಲಿಲ್ಲ.

ಮಾದರಿ ಸಮೀಕ್ಷೆಯ ಗೆರೆಗಳು ಇನ್ನೂ ದೊಡ್ಡವು. ರಾಷ್ಟ್ರೀಯ ಮಾದರಿ ಸಮೀಕ್ಷೆ ರಾಜ್ಯಗಳನ್ನು ಬೆಳೆ, ಹವೆ, ಜನಸಾಂದ್ರತೆ ನೋಡಿ ವಲಯಗಳಾಗಿ ಒಡೆಯಿತು. ಸೊಲ್ಲಾಪುರ ಪುಣೆ, ಸಾತಾರಾ, ಸಾಂಗಲಿ, ಕೊಲ್ಹಾಪುರಗಳ ಜೊತೆ ‘ಒಳನಾಡು ಪಶ್ಚಿಮ’ಕ್ಕೆ ಸೇರಿತು, ರೈಲಿನಲ್ಲಿ ಮೂರು ಗಂಟೆಯೂ ಹಿಡಿಯದ ಕಲಬುರಗಿ ಕರ್ನಾಟಕದ ‘ಒಳನಾಡು ಉತ್ತರ’ಕ್ಕೆ. ಪುಣೆಯ ಕಾರು ಕಾರ್ಖಾನೆಗೂ ಅಕ್ಕಲಕೋಟದ ತೊಗರಿ ಹೊಲಕ್ಕೂ ಒಂದೇ ಸರಾಸರಿ ತೆಗೆಯುವುದು ಕಾಗದಕ್ಕೆ ಅನುಕೂಲ, ಓದುಗನಿಗಲ್ಲ. ವಲಯ ರಾಜ್ಯದ ಗಡಿ ದಾಟುವಂತಿಲ್ಲ. ಕನ್ನಡ ಮಾತಾಡುವ ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ 1967ರ ಮಹಾಜನ ಆಯೋಗದ ಶಿಫಾರಸು ಜಾರಿಯಾಗಿದ್ದರೆ ಅಲ್ಲಿನ ಕೂಲಿಯ ಅಂಕಿಗಳೂ ಬೇರೆ ಕೋಷ್ಟಕದಲ್ಲಿ ಅಚ್ಚಾಗುತ್ತಿದ್ದವು.

2017ರ ಏಪ್ರಿಲ್‌ನಲ್ಲಿ ಆರಂಭವಾದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯನ್ನು 2025ರ ಜನವರಿಯಿಂದ ಬದಲಿಸಲಾಯಿತು. ಈಗ ಮಾದರಿ ಆಯ್ಕೆಗೆ ಜಿಲ್ಲೆಯೇ ಮೂಲ ಘಟಕ. ಇದರಂತೆ ಎಂಐಡಿಸಿ, ಕುಂಭಾರಿ, ಅಕ್ಕಲಕೋಟ, ಗಡಿಯಂಚಿನ ದುಧನಿ ಎಲ್ಲವೂ ಸೊಲ್ಲಾಪುರ ಜಿಲ್ಲೆಯ ಲೆಕ್ಕಕ್ಕೆ ಬರುತ್ತವೆ. ದುಧನಿ ದಾಟಿ ಗಡಿಯಾಚೆಗಿನ ಹಳ್ಳಿಗಳು ಕಲಬುರಗಿಯ ಲೆಕ್ಕಕ್ಕೆ.