ತೇಜಸ್ವಿನಿ ಸಾವಂತ್: ಕೊಲ್ಹಾಪುರದ ರೈಫಲ್ ಚಾಂಪಿಯನ್

ಶೂಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ ಗೆದ್ದ ಭಾರತದ ಮೊದಲ ಮಹಿಳೆ ತೇಜಸ್ವಿನಿ ಸಾವಂತ್. ಹುಟ್ಟಿದ್ದು 1980ರ ಸೆಪ್ಟೆಂಬರ್ 12ರಂದು, ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಒಲಿಂಪಿಕ್ಸ್ ಪದಕವೊಂದನ್ನೇ ಅಳತೆಗೋಲು ಮಾಡಿಕೊಂಡವರ ಪಟ್ಟಿಯಲ್ಲಿ ಇವರ ಹೆಸರು ಕಾಣುವುದಿಲ್ಲ. ಆ ಅಳತೆಗೋಲು ಇವರ ಮಟ್ಟಿಗೆ ಸಲ್ಲದು.

ಕುಸ್ತಿಯ ನೆಲದಲ್ಲಿ ರೈಫಲ್

ಗಡಿಯಾಚೆಯ ಕನ್ನಡದ ಹಳ್ಳಿಗಳವರೆಗೂ ಕೊಲ್ಹಾಪುರ ಎಂದರೆ ಕುಸ್ತಿ. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ ಇರುವುದು ಇಲ್ಲೇ. ಆ ಊರಲ್ಲಿ ನೌಕಾಪಡೆಯ ಉದ್ಯೋಗಿಯ ಮಗಳು ಹಿಡಿದದ್ದು ರೈಫಲ್. ಆರಂಭದ ಪಾಠ ಕಲಿಸಿದವರು ಅಲ್ಲಿಯವರೇ ಆದ ಜಯಸಿಂಗ್ ಕುಸಾಳೆ. ಶೂಟಿಂಗ್ ದುಬಾರಿ ಆಟ. ರೈಫಲ್, ಗುಂಡು, ಬಿಗಿ ಜಾಕೆಟ್ ಎಲ್ಲಕ್ಕೂ ಹಣ ಬೇಕು.

2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 10 ಮೀಟರ್ ಏರ್ ರೈಫಲ್‌ನಲ್ಲಿ ಎರಡು ಚಿನ್ನ ಗೆದ್ದರು: ಒಂದು ವೈಯಕ್ತಿಕ, ಇನ್ನೊಂದು ಅವನೀತ್ ಕೌರ್ ಸಿಧು ಜೊತೆಗೂಡಿ. ಎರಡು ವರ್ಷಗಳ ನಂತರ ಅವನೀತ್ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರು. ತೇಜಸ್ವಿನಿಗೆ ಅವಕಾಶ ಸಿಗಲಿಲ್ಲ.

ಮ್ಯೂನಿಕ್, 2010

50 ಮೀಟರ್ ರೈಫಲ್ ಪ್ರೋನ್ ಸ್ಪರ್ಧೆಯಲ್ಲಿ ಬೋರಲು ಮಲಗಿ 60 ಗುಂಡು ಹೊಡೆಯಬೇಕು. ಐವತ್ತು ಮೀಟರ್ ದೂರದ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿಲಿಮೀಟರ್. ಉಸಿರು ಒಂದಿಷ್ಟು ತಪ್ಪಿದರೂ, ಗಾಳಿ ತುಸು ದಿಕ್ಕು ಬದಲಿಸಿದರೂ ಗುಂಡು ಆ ವೃತ್ತದಿಂದಾಚೆ ಬೀಳುತ್ತದೆ. 2010ರ ಆಗಸ್ಟ್‌ನಲ್ಲಿ, ಜರ್ಮನಿಯ ಮ್ಯೂನಿಕ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತೇಜಸ್ವಿನಿ 600ಕ್ಕೆ 597 ಅಂಕ ಗಳಿಸಿ ವಿಶ್ವ ಚಾಂಪಿಯನ್ ಆದರು. ಅರವತ್ತು ಗುಂಡುಗಳಲ್ಲಿ ಕೈಬಿಟ್ಟದ್ದು ಮೂರೇ ಅಂಕ. ಅದು ಅಂದಿನ ವಿಶ್ವದಾಖಲೆಗೆ ಸಮ. ಮರುವರ್ಷ ಅರ್ಜುನ ಪ್ರಶಸ್ತಿ ಬಂತು.

ಆದರೆ ಒಂದು ತೊಡಕಿತ್ತು. ಮಹಿಳೆಯರ 50 ಮೀಟರ್ ಪ್ರೋನ್ ಎಂದೂ ಒಲಿಂಪಿಕ್ ಸ್ಪರ್ಧೆಯಾಗಿಲ್ಲ. ಲೋಕಕ್ಕೇ ಮೊದಲಿಗರಾದರೂ ಆ ಗೆಲುವಿನಿಂದ ಒಲಿಂಪಿಕ್ಸ್‌ನ ಬಾಗಿಲು ತೆರೆಯುವಂತಿರಲಿಲ್ಲ. ಅದಕ್ಕೆ ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವ ತ್ರೀ ಪೊಸಿಷನ್ಸ್‌ನಲ್ಲೋ ಏರ್ ರೈಫಲ್‌ನಲ್ಲೋ ಅರ್ಹತೆ ಗಳಿಸಬೇಕಿತ್ತು. ಲಂಡನ್ ತಪ್ಪಿತು, ರಿಯೊ ಕೂಡ ತಪ್ಪಿತು.

ನಲವತ್ತರಲ್ಲಿ ಟೋಕಿಯೊ

2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಪ್ರೋನ್‌ನಲ್ಲಿ ಬೆಳ್ಳಿ. ಮರುದಿನವೇ ತ್ರೀ ಪೊಸಿಷನ್ಸ್‌ನಲ್ಲಿ 457.9 ಅಂಕಗಳ ಚಿನ್ನ. 2019ರಲ್ಲಿ ದೋಹಾದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕೊನೆಗೂ ಒಲಿಂಪಿಕ್ ಕೋಟಾ ಕೈಗೆ ಬಂತು. ಕೊರೊನಾದಿಂದಾಗಿ ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯಿತು. 2021ರಲ್ಲಿ ಟೋಕಿಯೊದಲ್ಲಿ ನಿಂತಾಗ ಅವರಿಗೆ ನಲವತ್ತು ವರ್ಷ. 1200ಕ್ಕೆ 1154 ಅಂಕ, 33ನೇ ಸ್ಥಾನ. ಫಲಿತಾಂಶ ಸಪ್ಪೆಯೇ. ಆದರೆ ಅಲ್ಲಿಗೆ ತಲುಪಲು ಹಿಡಿದ ಕಾಲವನ್ನು ನೋಡಿದರೆ, ಕೈಬಿಡದೆ ಉಳಿದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಹಿಂದೆ ಬಂದವರು

ಕೊಲ್ಹಾಪುರದ ಉಷಾರಾಜೆ ಹೈಸ್ಕೂಲಿನಲ್ಲಿ ಓದಿದ ರಾಹಿ ಸರ್ನೋಬತ್‌ಗೆ ಪ್ರೇರಣೆಯಾದವರು ಅದೇ ಶಾಲೆಯ ತೇಜಸ್ವಿನಿ. ಕಿರಿಯರಾದ ರಾಹಿ ಪಿಸ್ತೂಲ್ ಹಿಡಿದು ಹಿರಿಯರಾದ ತೇಜಸ್ವಿನಿಗಿಂತ ಮೊದಲೇ, 2012ರಲ್ಲೇ, ಒಲಿಂಪಿಕ್ಸ್ ಕಂಡರು. 2018ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಭಾರತದ ಮೊದಲ ಮಹಿಳಾ ಶೂಟರ್ ಆದರು. 2024ರಲ್ಲಿ ಇದೇ ಜಿಲ್ಲೆಯ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಲ್ಲಿ ಪುರುಷರ 50 ಮೀಟರ್ ತ್ರೀ ಪೊಸಿಷನ್ಸ್‌ನ ಕಂಚು ಗೆದ್ದರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದು.